ಸೂಜಿ ಅಕ್ಕನ ಗಾಡಿಗೆ ಹಾಕಿಸಿದ ಹಳೇ ಶಾಕ್‌ಗಳು

ಬಡಾವಣೆಯ ಜನ ಅವಳನ್ನು ಸೂಜಿ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಆರಕ್ಕೆಲ್ಲ ಲ್ಯಾಬಿನ ನೀಲಿ ಡಬ್ಬಿಯನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಟು, ಖಾಲಿ ಹೊಟ್ಟೆಯಲ್ಲಿ ಕಾದು ಕುಳಿತವರ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದೇ. ಕೈ ಎಷ್ಟು ಹಗುರವೆಂದರೆ, ಚುಚ್ಚಿ ಹತ್ತಿ ಒತ್ತಿದ ಮೇಲೂ ಕಣ್ಣು ಮುಚ್ಚಿಕೊಂಡೇ ಕುಳಿತವರು “ಇನ್ನೂ ಎಷ್ಟು ಹೊತ್ತು?” ಎಂದು ಕೇಳುತ್ತಿದ್ದರು.

ಗಂಡ ಟೈಲರ್. “ನಮ್ಮ ಮನೇಲಿ ಇಬ್ಬರದ್ದೂ ಸೂಜಿಯಿಂದಲೇ ಹೊಟ್ಟೆಪಾಡು. ನಾನು ಚುಚ್ಚಿದ್ರೆ ಬಟ್ಟೆ ಸುಮ್ನಿರುತ್ತೆ, ಇವಳು ಚುಚ್ಚಿದ್ರೆ ಮನುಷ್ಯರೂ ಸುಮ್ನಿರ್ತಾರೆ” ಎಂದು ಅಂಗಡಿಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ. ಅವನಿಗೆ ಸೈಕಲ್ಲೂ ಬಾರದು. ಗಾಡಿ ಅವಳದು, ಅವಳ ಅಣ್ಣ ಕಾರು ಕೊಂಡಾಗ ಬಿಟ್ಟುಕೊಟ್ಟದ್ದು. ಇಪ್ಪತ್ತೆರಡು ವರ್ಷ ಹಳೆಯದಾದರೂ ಎಂಜಿನ್ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಕೈಕೊಟ್ಟದ್ದು ಹಿಂದಿನ ಚಕ್ರದ ಎರಡು ಬದಿಗೆ ನಿಂತು ಕುಲುಕಾಟ ನುಂಗುವ ಶಾಕ್‌ಗಳು. ಅದು ಅವಳಿಗೆ ಮೊದಲು ತಿಳಿದದ್ದು ಸೊಂಟದಿಂದಲ್ಲ, ಫೋನಿನಿಂದ.

“ಅಕ್ಕ, ಡ್ರಾಯಿಂಗ್ ಮೇಷ್ಟ್ರ ಸ್ಯಾಂಪಲ್ ಮತ್ತೆ ಕೆಟ್ಟಿದೆ” ಎಂದ ಲ್ಯಾಬಿನ ಕನ್ನಡಕದ ತಮ್ಮ. ಪರೀಕ್ಷೆ ಮಾಡುವವನು ಅವನೇ; ವಯಸ್ಸಿನಲ್ಲಿ ಚಿಕ್ಕವನೆಂದು ಅವಳಿಗೆ ತಮ್ಮ. “ಒಣಹುಲ್ಲಿನ ಬಣ್ಣ ಇರಬೇಕಾದ ನೀರು ಗುಲಾಬಿ ಆಗಿದೆ. ರಕ್ತದ ಕಣ ಒಡೆದುಹೋಗಿವೆ. ಏನು, ಕುಲುಕಾಡಿಸಿಕೊಂಡು ತರ್ತಿದ್ದೀರಾ?”

“ನಾನ್ಯಾಕಪ್ಪ ಕುಲುಕಲಿ? ರಸ್ತೆ ಕುಲುಕುತ್ತೆ.”

“ಯಾರು ಕುಲುಕಿದ್ರೂ, ಕಣ ಒಡೆದ್ರೆ ಪೊಟ್ಯಾಸಿಯಂ ಜಾಸ್ತಿ ಇದೆ ಅಂತ ಸುಳ್ಳು ಹೇಳುತ್ತೆ ಅಕ್ಕ. ಇನ್ನೊಂದು ಸಲ ತಗೊಂಡು ಬನ್ನಿ.”

ತಿಂಗಳಲ್ಲಿ ಅದು ಮೂರನೆಯ ಸಲ. ಬೇರೆಯವರದಾಗಿದ್ದರೆ ಅವಳು ಇಷ್ಟು ಕುಗ್ಗುತ್ತಿರಲಿಲ್ಲ. ಮೇಷ್ಟ್ರಿಗೆ ಎಪ್ಪತ್ತೊಂಬತ್ತು ವರ್ಷ. ಹೃದಯಕ್ಕೊಂದು ಮಾತ್ರೆ, ಕಾಲಿನ ಊತಕ್ಕೊಂದು ಮಾತ್ರೆ. ಎರಡೂ ಸೇರಿ ಮೈಯಲ್ಲಿ ಪೊಟ್ಯಾಸಿಯಂ ಏರಿಸಿ ಹೃದಯವನ್ನೇ ನಿಲ್ಲಿಸಬಾರದೆಂದು ವಾರವಾರ ಪರೀಕ್ಷೆ. ನರಗಳೋ ದಾರದ ಎಳೆಗಳು; ಬೆರಳಿಗೆ ಸಿಕ್ಕವು ಸೂಜಿಗೆ ಸಿಗುತ್ತಿರಲಿಲ್ಲ. ಅವಳು ಆ ದಿನ ಎರಡನೆಯ ಸಲ ಬಾಗಿಲಲ್ಲಿ ನಿಂತಾಗ ಅವರು ಅಂಗಿಯ ತೋಳು ಮಡಚಿ ಕೈ ಚಾಚಿದರು. ಮೊಣಕೈಯ ಒಳಗೆ ಬೆಳಗಿನ ಗುರುತು ಆಗಲೇ ನೀಲಿಗಟ್ಟಿತ್ತು.

“ತಪ್ಪಾಯ್ತು ಸರ್.”

“ತಗೋಮ್ಮ, ಇನ್ನೂ ಸ್ವಲ್ಪ ಇದೆ ಒಳಗೆ” ಎಂದರು ಮೇಷ್ಟ್ರು.

ಬೈದಿದ್ದರೆ ಅವಳಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಅವರ ಸೊಸೆ ಮಾತ್ರ ಅಡುಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡುತ್ತಿದ್ದಳು.

ಸಂಜೆ ಗಾಡಿ ಒಯ್ದು ತೋರಿಸಿದಾಗ ಮೆಕ್ಯಾನಿಕ್ಕು ಅದರ ಹಿಂಭಾಗವನ್ನು ಎರಡೂ ಕೈಯಲ್ಲಿ ಒತ್ತಿ ಬಿಟ್ಟ. ಗಾಡಿ ರಬ್ಬರ್ ಚೆಂಡಿನಂತೆ ಕುಪ್ಪಳಿಸಿತು. “ಎಣ್ಣೆ ಎಲ್ಲ ಸೋರಿಹೋಗಿದೆ ಅಕ್ಕ. ಬರೀ ಸ್ಪ್ರಿಂಗ್ ಮೇಲೆ ಓಡಿಸ್ತಿದ್ದೀರ. ಈ ಮಾಡೆಲ್‌ದು ಹೊಸದು ಬರ್ತಿಲ್ಲ. ಡೂಪ್ಲಿಕೇಟ್ ಹಾಕಿದ್ರೆ ಎರಡು ತಿಂಗಳಿಗೆ ಮತ್ತೆ ಇದೇ ಕತೆ. ಗುಜರಿಲಿ ಹುಡುಕಿ. ಎರಡೂ ಒಂದೇ ಗಾಡಿಯಿಂದ ಬಿಚ್ಚಿದ್ದಾಗಿರಬೇಕು. ಅಳತೆ ಒಂದೇ ಇರಬೇಕು. ರಾಡು ಮುಟ್ಟಿ ನೋಡಿ, ಎಣ್ಣೆ ಹತ್ತಬಾರದು.”

ಭಾನುವಾರ ಗಂಡನನ್ನು ಹಿಂದೆ ಕೂರಿಸಿಕೊಂಡು ಗುಜರಿ ಅಂಗಡಿಗಳ ಬೀದಿಗೆ ಹೋದಳು. ಎರಡೂ ಬದಿಯಲ್ಲಿ ಬಿಚ್ಚಿದ ಗಾಡಿಗಳ ರಾಶಿ: ಒಂದೆಡೆ ಟ್ಯಾಂಕುಗಳು, ಒಂದೆಡೆ ತಂತಿಗೆ ಪೋಣಿಸಿದ ಹೆಡ್‌ಲೈಟುಗಳು, ನೆಲದ ತುಂಬ ಕರಿ ಎಣ್ಣೆ. ಮೊದಲೆರಡು ಅಂಗಡಿಯಲ್ಲಿ ತಲೆಯಾಡಿಸಿಬಿಟ್ಟರು. ಮೂರನೆಯದರಲ್ಲಿ ದಪ್ಪ ಮೀಸೆಯ ಗುಜರಿಯವನು ಮುರುಕು ಕುರ್ಚಿಯ ಮೇಲೆ ಕುಳಿತಿದ್ದ.

“ಹಿಂದಿನ ಶಾಕು ಬೇಕಿತ್ತು, ಜೋಡಿ” ಎಂದಳು ಅವಳು.

“ಯಾವ ಮಾಡೆಲ್ ಯಜಮಾನ್ರೇ?” ಎಂದು ಗುಜರಿಯವನು ಟೈಲರನನ್ನು ಕೇಳಿದ.

ಟೈಲರ್ ಹೆಂಡತಿಯ ಮುಖ ನೋಡಿದ. ಅವಳು ಹೇಳಿದಳು. ಗುಜರಿಯವನು ಅವನನ್ನೇ ನೋಡುತ್ತ, “ಇದೆ ಯಜಮಾನ್ರೇ, ನಿಮ್ಮ ಅದೃಷ್ಟ” ಎಂದು ಒಳಗಿನಿಂದ ಎರಡು ಶಾಕ್ ತಂದು ಅವನ ಕೈಗೇ ಇಟ್ಟ. ಬದುಕಿನಲ್ಲಿ ಕತ್ತರಿಗಿಂತ ಭಾರದ್ದೇನನ್ನೂ ಹಿಡಿಯದವನು ಒಂದನ್ನು ಕಾಲ ಮೇಲೆ ಬೀಳಿಸಿಕೊಳ್ಳುವುದರಲ್ಲಿದ್ದ.

ಅವಳು ಕಿತ್ತುಕೊಂಡು ನೋಡಿದಳು. ಗಂಡನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪಿನಿಂದ ಮೇಲಿನ ತೂತಿನಿಂದ ಕೆಳಗಿನ ತೂತಿನವರೆಗೆ ಅಳೆದಳು. ತನ್ನ ಗಾಡಿಯದನ್ನೂ ಅಳೆದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ರಾಡಿನ ಮೇಲೆ ಬೆರಳಾಡಿಸಿದಳು, ಒಣಗಿತ್ತು. ನೆಲಕ್ಕೂರಿ ಮೈಭಾರ ಹಾಕಿ ಒತ್ತಿದಳು, ಅಲುಗಲೇ ಇಲ್ಲ.

“ತುಂಬ ಗಟ್ಟಿ ಇದೆಯಲ್ಲ?”

“ಗಟ್ಟಿ ಇದ್ರೆ ತಾನೇ ಯಜಮಾನ್ರೇ ಬಾಳಿಕೆ? ಕೈಯಲ್ಲಿ ಒತ್ತಿದ್ರೆ ಯಾವ ಶಾಕೂ ಬಗ್ಗಲ್ಲ.”

“ನಿಮ್ಮ ಹತ್ರ ಕೇಳಿದ್ದು ನಾನು” ಎಂದಳು ಅವಳು.

“ಹೇಳ್ತಾ ಇದ್ದೀನಲ್ಲಮ್ಮ, ಯಜಮಾನ್ರಿಗೆ.”

ಇನ್ನೂ ನಾಲ್ಕು ಅಂಗಡಿ ಸುತ್ತಿದರೂ ಬೇರೆ ಜೋಡಿ ಸಿಗಲಿಲ್ಲ. ತಿರುಗಿ ಬಂದು ಅದನ್ನೇ ಕೊಂಡಳು. ಸಂಜೆಗೆ ಮೆಕ್ಯಾನಿಕ್ಕು ಕೂರಿಸಿಯೂ ಬಿಟ್ಟ. ಗಂಡನೊಂದಿಗೆ ಮನೆಗೆ ಬರುವಾಗ ಗಾಡಿ ದೋಣಿಯಂತೆ ತೇಲಿತು. “ನೋಡ್ದೇನೇ, ನಾನು ಆರಿಸಿದ್ದು!” ಎಂದ ಟೈಲರ್.

ಬೆಳಗ್ಗೆ ಒಬ್ಬಳೇ ಹೊರಟಾಗ ನಿಜ ತಿಳಿಯಿತು. ರಸ್ತೆಯ ಮೊದಲನೆಯ ಹಂಪು ಹತ್ತಿ ಇಳಿದಾಗಲೇ ಹಲ್ಲಿಗೆ ಹಲ್ಲು ಬಡಿಯಿತು. ಹಿಂದೆ ಡಬ್ಬಿಯೊಳಗೆ ಟ್ಯೂಬುಗಳು ಗಿಲಿಗಿಲಿ ಸದ್ದು ಮಾಡಿದವು. ಮಧ್ಯಾಹ್ನ ಲ್ಯಾಬಿನ ತಮ್ಮ ಫೋನು ಮಾಡಿದ. ಈ ಸಲ ಎರಡು ಸ್ಯಾಂಪಲ್ ಕೆಟ್ಟಿದ್ದವು.

ಮೆಕ್ಯಾನಿಕ್ಕು ಸ್ಪ್ರಿಂಗನ್ನು ಮತ್ತೆ ನೋಡಿ ನಾಲಿಗೆ ಕಚ್ಚಿಕೊಂಡ. “ನಿನ್ನೆ ಗಮನಿಸಲಿಲ್ಲ ಅಕ್ಕ. ಇದೇ ಗಾಡಿನ ಹಾಲಿನ ಕ್ಯಾನು ಹೇರೋರಿಗೆ ಅಂತ ಕಂಪನಿಯವರು ಬೇರೆ ಮಾಡಿ ಬಿಟ್ಟಿದ್ರು. ಅಳತೆ ಅದೇ, ಸ್ಪ್ರಿಂಗ್ ಮಾತ್ರ ದಪ್ಪ. ಸ್ಪ್ರಿಂಗ್ ಬಿಗಿ ಮಾಡೋ ಕಚ್ಚನ್ನ ಆಗಲೇ ಎಲ್ಲಕ್ಕಿಂತ ಮೆತ್ತಗೆ ಇಟ್ಟಿದ್ದೀನಿ. ಇದಕ್ಕೆ ಭಾರ ಬೇಕು. ನೀವೊಬ್ಬರೇ ಕೂತರೆ ಇದಕ್ಕೆ ಯಾರೋ ಕೂತಿದ್ದಾರೆ ಅಂತಲೇ ಗೊತ್ತಾಗಲ್ಲ.”

ವಾಪಸ್ಸು ಕೊಡಲು ಹೋದರೆ ಗುಜರಿಯವನು, “ಬಿಚ್ಚಿದ ಮಾಲು ವಾಪಸ್ಸಿಲ್ಲ. ಬೇರೆ ಜೋಡಿ ಬಂದ್ರೆ ಬದಲಾಯಿಸಿ ಕೊಡ್ತೀನಿ, ಯಜಮಾನ್ರ ನಂಬರ್ ಬರೆಸಿ ಹೋಗಮ್ಮ” ಎಂದ. ಅವಳು ತನ್ನ ನಂಬರನ್ನೇ ಬರೆದು ಬಂದಳು.

ರಾತ್ರಿ ಊಟಕ್ಕೆ ಕೂತಾಗ ಟೈಲರ್ ತಟ್ಟೆ ನೋಡುತ್ತ ಹೇಳಿದ, “ಭಾರ ಬೇಕು ಅಂದನಲ್ಲ. ನಾನೇ ಬರ್ತೀನಿ ಬಿಡು. ಹತ್ತು ಗಂಟೆಗೆ ಮುಂಚೆ ನನ್ನ ಅಂಗಡಿಗೆ ಯಾರು ಬರ್ತಾರೆ?”

“ಸುಮ್ನಿರಿ, ಜನ ನಗ್ತಾರೆ.”

“ನಗಲಿ. ಡಬ್ಬಿ ನನ್ನ ಮಡಿಲಲ್ಲಿ ಇಟ್ಕೋತೀನಿ.”

ಹಾಗೆ ಅವನು ದಿನಾ ಬೆಳಗ್ಗೆ ಹಿಂದೆ ಕೂತು ಬರತೊಡಗಿದ. ಅವಳು ಒಳಗೆ ಹೋಗಿ ರಕ್ತ ತೆಗೆಯುವಷ್ಟು ಹೊತ್ತು ಗೇಟಿನ ಬಳಿ ಡಬ್ಬಿ ಅಪ್ಪಿಕೊಂಡು ನಿಲ್ಲುತ್ತಿದ್ದ. ಮೂರು ವಾರ ಲ್ಯಾಬಿನಿಂದ ಒಂದೂ ಫೋನು ಬರಲಿಲ್ಲ. ಅಷ್ಟರಲ್ಲಿ ಶಾಲೆಯ ಸಮವಸ್ತ್ರದ ಕೆಲಸ ಬಂತು. ಇನ್ನೂರು ಜೊತೆ, ಗಡುವು ಹತ್ತಿರ. ಅವನು ಬೆಳಗಿನ ಐದಕ್ಕೇ ಮೆಷಿನ್ ಮುಂದೆ ಕೂರಬೇಕಾಯಿತು. “ಎಂಟೇ ದಿನ, ಹೇಗೋ ನಿಭಾಯಿಸು” ಎಂದ.

ಅವಳು ಡಬ್ಬಿಗೆ ಹಳೇ ಬಟ್ಟೆ ತುರುಕಿದಳು, ಹಂಪು ಕಂಡಲ್ಲಿ ಇಳಿದು ಗಾಡಿ ತಳ್ಳಿದಳು. ಆ ಗುರುವಾರ ಮೇಷ್ಟ್ರ ಸ್ಯಾಂಪಲ್ಲಿತ್ತು. ಹನ್ನೊಂದಕ್ಕೆ ಫೋನು ಬಂತು.

“ಅಕ್ಕ, ಪೊಟ್ಯಾಸಿಯಂ ಆರು ಪಾಯಿಂಟ್ ನಾಲ್ಕು ತೋರಿಸ್ತಿದೆ. ಐದರೊಳಗೆ ಇರಬೇಕಾದ್ದು. ಆದ್ರೆ ಮತ್ತೆ ಗುಲಾಬಿ ಬಣ್ಣ ಬಂದಿದೆ. ಬಹುಶಃ ಸುಳ್ಳು. ಮತ್ತೆ ತೆಗೀರಿ.”

“ಅಕಸ್ಮಾತ್ ನಿಜ ಆಗಿದ್ರೆ?”

“ಅದನ್ನೇ ಹೇಳಕ್ಕಾಗಲ್ಲ.”

ಅವಳು ಓಡಿದಳು. ಮೇಷ್ಟ್ರು ಎಂದಿನಂತೆ ಕೈ ಚಾಚಿದರು. ಬಲಗೈಗೆ ಒಮ್ಮೆ, ಎಡಗೈಗೆ ಒಮ್ಮೆ ಚುಚ್ಚಿದಳು. ಒಂದು ಹನಿಯೂ ಬರಲಿಲ್ಲ. ಎರಡಕ್ಕಿಂತ ಹೆಚ್ಚು ಸಲ ಚುಚ್ಚಬಾರದೆಂಬುದು ಅವಳು ಕಲಿತ ಮೊದಲ ಪಾಠ. ಆದರೂ ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು ಎಳೆ ಬೆರಳಿಗೆ ಸಿಕ್ಕಿದ್ದೇ ಮೂರನೆಯದಕ್ಕೆ ಕೈಯೆತ್ತಿದಳು.

“ಸಾಕು ಬಿಡಿ” ಎಂದಳು ಸೊಸೆ. “ಅವರ ಕೈ ನೋಡಿ ಹೇಗಾಗಿದೆ.”

“ಡಾಕ್ಟರಿಗಾದ್ರೂ ಒಂದು ಫೋನು ಮಾಡಿ ಹೇಳಮ್ಮ, ಆರು ಪಾಯಿಂಟ್ ನಾಲ್ಕು ಬಂದಿದೆ ಅಂತ.”

“ಬಂದಿದೆ ಅಂತಲೂ ನೀವೇ ಅಂತೀರಿ, ಸುಳ್ಳಿರಬಹುದು ಅಂತಲೂ ನೀವೇ ಅಂತೀರಿ. ಕಳೆದ ಸಲವೂ ಹೀಗೇ ಗಾಬರಿ ಮಾಡಿದ್ರಿ, ಆಮೇಲೆ ಏನೂ ಇರಲಿಲ್ಲ. ಡಾಕ್ಟರಿಗೆ ನಾನು ಏನಂತ ಹೇಳಲಿ?”

ಸೂಜಿ ಅಕ್ಕ ಗೇಟಿನ ಬಳಿ ಬಂದು ಫೋನು ತೆಗೆದಳು. ಅವಳೇ ಡಾಕ್ಟರ ಕ್ಲಿನಿಕ್ಕಿಗೆ ಫೋನು ಮಾಡಿದಳು. ಚೀಟಿ ಬರೆಯುವ ಹೆಂಗಸು, “ಮನೆಯವರ ಕೈಲಿ ಮಾಡಿಸಿ” ಎಂದು ಇಟ್ಟುಬಿಟ್ಟಳು.

ಮರುದಿನ ಮೇಷ್ಟ್ರ ಮನೆಗೆ ಬೀಗ. ಹಿಂದಿನ ಸಂಜೆ ಕಾಲು ನೆಲಕ್ಕೆ ಊರಲಾಗದೆ ಕುಸಿದರಂತೆ, ಆಸ್ಪತ್ರೆಗೆ ಒಯ್ದರಂತೆ ಎಂದು ಪಕ್ಕದ ಮನೆಯವರು ಹೇಳಿದರು. ಸೇರಿಸಿಕೊಳ್ಳುವಾಗ ಪೊಟ್ಯಾಸಿಯಂ ಆರು ಪಾಯಿಂಟ್ ಒಂಬತ್ತಿತ್ತು. ಅವಳು ತಂದ ಲೆಕ್ಕ ನಿಜವಾಗಿತ್ತು. ತಂದ ಗಾಡಿಯ ದೆಸೆಯಿಂದ ಯಾರೂ ಅದನ್ನು ನಂಬಿರಲಿಲ್ಲ, ಅವಳೂ ನಂಬಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳು ವಾರ್ಡಿನ ಬಾಗಿಲಿಗೆ ಬಂದಾಗ ನರ್ಸೊಬ್ಬಳು ಮೇಷ್ಟ್ರ ಮೊಣಕೈಯಲ್ಲಿ ನರ ಹುಡುಕುತ್ತಿದ್ದಳು. ಎರಡು ಸಲ ಚುಚ್ಚಿಯಾಗಿತ್ತು. ಮೂರನೆಯದಕ್ಕೆ ಮೇಷ್ಟ್ರು ಮುಖ ಹಿಂಡಿದರು.

“ಎಡಗೈ ಹೆಬ್ಬೆರಳ ಬುಡದಲ್ಲಿ ನೋಡಿ ಸಿಸ್ಟರ್, ಅಲ್ಲೊಂದು ಸಿಗುತ್ತೆ” ಎಂದಳು ಬಾಗಿಲಿನಿಂದಲೇ.

“ನೀವು ಯಾರು?”

“ಮನೆಗೆ ಬಂದು ರಕ್ತ ತೆಗೀತಿದ್ದವಳು. ನಾನು ತೆಗೆದುಕೊಡ್ಲಾ?”

“ಹೊರಗಿನವರು ಮುಟ್ಟೋ ಹಾಗಿಲ್ಲ. ಆ ಕಡೆ ನಿಂತ್ಕೊಳ್ಳಿ.”

ಅವಳು ಆ ಕಡೆ ನಿಂತಳು. ನಾಲ್ಕನೆಯ ಸಲ ಚುಚ್ಚಿದ್ದನ್ನೂ ನೋಡಿದಳು, ಐದನೆಯದನ್ನೂ ನೋಡಿದಳು. ಅವಳ ಬಲಗೈ ಸೆರಗಿನೊಳಗೆ ತಾನೇ ಸೂಜಿ ಹಿಡಿದಂತೆ ಬೆರಳು ಮಡಚಿಕೊಂಡಿತ್ತು.

ಮೇಷ್ಟ್ರು ಆರನೆಯ ದಿನ ಮನೆಗೆ ಬಂದರು. ಮಾತ್ರೆ ಬದಲಾಗಿತ್ತು, ಮಾತು ಸ್ವಲ್ಪ ನಿಧಾನವಾಗಿತ್ತು, ಗೋಡೆ ಹಿಡಿದು ಓಡಾಡುವಂತಿದ್ದರು. ಸೂಜಿ ಅಕ್ಕ ಅವರನ್ನು ನೋಡಿ ಹೊರಟಾಗ ಸೊಸೆ ಬಾಗಿಲವರೆಗೂ ಬಂದು ಮೆಲ್ಲಗೆ ಹೇಳಿದಳು, “ಇನ್ಮೇಲೆ ಆಸ್ಪತ್ರೆಲೇ ಪರೀಕ್ಷೆ ಮಾಡಿಸ್ತೀವಿ ಅಕ್ಕ. ನಿಮ್ಮ ಮೇಲೆ ಸಿಟ್ಟೇನಿಲ್ಲ, ಬೇಜಾರು ಮಾಡ್ಕೋಬೇಡಿ.”

“ಅದೇ ಒಳ್ಳೇದಮ್ಮ” ಎಂದಳು ಅವಳು. ಬಡಾವಣೆಯ ಕೊನೆಯ ಸಾಲಿನ ಮನೆಯಲ್ಲಿ ಒಬ್ಬ ಬಸುರಿ ಹೆಂಗಸು ಏಳು ಗಂಟೆಯಿಂದ ನೀರೂ ಕುಡಿಯದೆ ಕಾಯುತ್ತಿದ್ದಳು. ಸೂಜಿ ಅಕ್ಕ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಅದರ ಸದ್ದು ಒಳಗೆ ಕೇಳಿಸದಿರಲೆಂದು ಮೇಷ್ಟ್ರ ಮನೆಯ ಕಿಟಕಿ ದಾಟುವವರೆಗೆ ತಳ್ಳಿಕೊಂಡು ಹೋಗಿ ಆಮೇಲೆ ಸ್ಟಾರ್ಟ್ ಮಾಡಿದಳು.