ಜೋಳಿಗೆಗೆ ಮರ ಹುಡುಕಿದ್ದು

ನನ್ನ ಬಾಯಿ ಸರಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ಅದಕ್ಕೂ ಪಾಲಿದೆ. ಗದಗ ಕಡೆಯ ನಮ್ಮ ಮನೆಯಲ್ಲಿ ಬೈಗುಳವೆಂದರೆ ಊಟದಲ್ಲಿನ ಉಪ್ಪು. ಬೈದವರೂ ಮರೆಯುತ್ತಿದ್ದರು, ಬೈಸಿಕೊಂಡವರೂ ಮರೆಯುತ್ತಿದ್ದರು. ಒಮಾನಿಗೆ ಬಂದು ಅಲ್ ಖೌದ್‌ನ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ ಮೇಲೂ ಆ ರೂಢಿ ಹೋಗಲಿಲ್ಲ. ಒಮ್ಮೆ ಅಂಗಡಿಯವನು ನಮ್ಮ ಬಾಗಿಲಲ್ಲೇ ಎಣ್ಣೆಯ ಡಬ್ಬಿ ಕೈಜಾರಿಸಿ ಮೆಟ್ಟಿಲ ತುಂಬ ಹರಿಸಿದಾಗ, "ನಿನ್ನ ಕೈ ಸೇದಹೋಗ್ಲಿ" ಎಂದು ಗೊಣಗಿದ್ದೆ. ಹಾಗೆಂದರೇನು ಎಂದು ಐದು ವರ್ಷದ ಮಗಳು ಕೇಳಿದಳು. "ಕೈ ಒಣಗಿ ಕಟ್ಟಿಗಿ ಹಂಗ ಆಗೋದು" ಎಂದು ನಗುತ್ತ ಹೇಳಿದೆ. ಅವಳು ನಗಲಿಲ್ಲ.

ತೈಲದ ಬೆಲೆ ಕುಸಿದ ವರ್ಷಗಳು ಅವು. ನಮ್ಮ ಕಟ್ಟಡದಲ್ಲಿ ತಿಂಗಳಿಗೊಂದು ಮನೆ ಖಾಲಿಯಾಗುತ್ತಿತ್ತು. ವಾರದ ಕೆಲಸ ಮುಗಿಯುವ ಗುರುವಾರ ಸಂಜೆ ಗಂಡ ಆಫೀಸಿನಿಂದ ಬಂದರೆ ನಾನು ಮೊದಲು ನೋಡುತ್ತಿದ್ದುದು ಅವರ ಮುಖವನ್ನಲ್ಲ, ಕೈಯಲ್ಲಿ ಕೆಲಸದಿಂದ ತೆಗೆದ ಲಕೋಟೆ ಇದೆಯೇ ಎಂದು. ಮೇಲಿನ ಮಹಡಿಯಲ್ಲಿದ್ದ ಮೈಸೂರಿನವರಿಗೆ ಆ ಲಕೋಟೆ ಬಂತು. ಚಳಿಗಾಲ ಬಂದರೆ ಎಲ್ಲರನ್ನೂ ಕೂಡಿಸಿಕೊಂಡು ಬೆಟ್ಟ, ಮರಳು ಎಂದು ಕ್ಯಾಂಪಿಂಗ್ ಹೋಗುತ್ತಿದ್ದವರು ಅವರು. ಎರಡನೆಯ ಕೂಸು ಹೊಟ್ಟೆಯಲ್ಲಿದ್ದಾಗ, ಆಮೇಲೆ ಬಾಣಂತನದಲ್ಲಿ, ನಾವು ಒಮ್ಮೆಯೂ ಹೋಗಿರಲಿಲ್ಲ. ಊರಿಗೆ ಹೊರಡುವ ಹಿಂದಿನ ದಿನ ಆ ಮನೆಯ ಯಜಮಾನರು ಟೆಂಟಿನ ಚೀಲ ತಂದು ನಮ್ಮ ಬಾಗಿಲಲ್ಲಿ ಇಳಿಸಿದರು.

"ಮಕ್ಕಳನ್ನ ಒಂದ್ಸಲ ಕರ್ಕೊಂಡ್ ಹೋಗಿ. ಎತ್ತರದ ಜಾಗ ನೋಡಿ ಹಾಕಿ, ಅಷ್ಟೇ ಮುಖ್ಯ" ಎಂದರು.

ನನ್ನ ಗಂಡ ಆ ಮಾತನ್ನು ನೆನಪಿಟ್ಟುಕೊಂಡರು. ನಾನು ಇಟ್ಟುಕೊಳ್ಳಲಿಲ್ಲ.

ಹೋಗಲೇಬೇಕು ಎಂಬ ಹಟ ಗಂಡನದು. ತಮ್ಮ ಸರದಿ ಬರುವ ಮೊದಲು ಮಕ್ಕಳಿಗೆ ಈ ದೇಶದ ಆಕಾಶವನ್ನೊಮ್ಮೆ ತೋರಿಸಬೇಕು ಎಂದು ಅವರ ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ನಾನು ಅತ್ತುಬಿಡುತ್ತಿದ್ದೆ. ಹೀಗಾಗಿ ಜಗಳವೆಲ್ಲ ಸಾಮಾನಿನ ಮೇಲೆ ನಡೆಯಿತು. ಆರು ತಿಂಗಳ ಕೂಸಿಗೆ ಎಷ್ಟು ಡೈಪರ್, ಕುದಿಸಿದ ನೀರು ಎಷ್ಟು ಫ್ಲಾಸ್ಕು, ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಇಷ್ಟು ಸಾಕೋ ಇನ್ನೂ ಬೇಕೋ. ಕೊನೆಗೆ ಕಾರಿನಲ್ಲಿ ಹಿಡಿಸದೆ ಉಳಿದದ್ದು ಕೂಸಿನ ಜೋಳಿಗೆ ಕಟ್ಟುವ ಕಬ್ಬಿಣದ ಸ್ಟ್ಯಾಂಡ್.

ಸೀರೆ ಜೋಳಿಗೆಯಿಲ್ಲದೆ ನನ್ನ ಮಕ್ಕಳು ಮಲಗಿದವರಲ್ಲ. ಅವ್ವ ಉಟ್ಟುಟ್ಟು ಮೆತ್ತಗಾದ ಇಳಕಲ್ ಸೀರೆ ಅದು, ಕೆಂಪು ಸೆರಗಿನದು. ಮಗಳನ್ನೂ ಅದರಲ್ಲೇ ತೂಗಿದ್ದೆ, ಈಗ ಈ ಗಂಡುಕೂಸನ್ನೂ. ಹಾಸಿಗೆಯ ಮೇಲೆ ಹಾಕಿದರೆ ಬೆನ್ನಿಗೆ ಮುಳ್ಳು ಚುಚ್ಚಿದವರ ಹಾಗೆ ಕಿರುಚುತ್ತಿತ್ತು. "ಸ್ಟ್ಯಾಂಡ್ ಬಿಡು, ಎಲ್ಲೆರ ಗಿಡಕ್ಕ ಕಟ್ಟಿದ್ರಾತು" ಎಂದರು ಗಂಡ. ನಮ್ಮ ಕಡೆ ಮರಕ್ಕೂ ಗಿಡವೆಂದೇ ಅನ್ನುವುದು. ಆಗಲಿ ಎಂದು ಸೀರೆಯನ್ನೂ ಒಂದು ಹಗ್ಗವನ್ನೂ ಚೀಲಕ್ಕೆ ಹಾಕಿಕೊಂಡೆ.

ಶುಕ್ರವಾರ ಮಧ್ಯಾಹ್ನ ಹೊರಟು ದಾರಿಯ ಬರ್ಕಾ ಪೇಟೆಯಲ್ಲಿ ನೀರಿನ ಬಾಟಲಿ, ಇದ್ದಿಲು ಕೊಂಡು ಬೆಟ್ಟದ ಕಡೆ ತಿರುಗಿದೆವು. ಕೂಸು ಬರ್ಕಾದಿಂದ ಶುರು ಮಾಡಿದ ಅಳು ನಿಲ್ಲಿಸಲಿಲ್ಲ. ಹಲ್ಲು ಬರುವ ಹೊತ್ತು. ಹಾಲು ಕೊಟ್ಟರೆ ಕಚ್ಚಿ ಬಿಡುತ್ತಿತ್ತು, ಭುಜದ ಮೇಲೆ ಹಾಕಿಕೊಂಡರೆ ಬೆನ್ನು ಬಿಲ್ಲಿನಂತೆ ಬಾಗಿಸುತ್ತಿತ್ತು. ಡಾಂಬರು ಮುಗಿದು ಜಲ್ಲಿಯ ದಾರಿ ಹಿಡಿಯುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು.

ಗಂಡ ಕಾರು ನಿಲ್ಲಿಸಿದ್ದು ಎತ್ತರದ ಒಂದು ದಿಬ್ಬದ ಮೇಲೆ. ಸಮತಟ್ಟಾದ ಜಾಗ, ಸುತ್ತಲೂ ಕಲ್ಲು, ಒಂದು ಹುಲ್ಲುಕಡ್ಡಿಯೂ ಇಲ್ಲ. ಕೆಳಗೆ, ಇಳಿಜಾರಿನ ಬುಡದಲ್ಲಿ, ಅಗಲವಾದ ಬಿಳಿ ಮರಳಿನ ಹಾಸು. ಅದರ ನಡುವೆ ಮೂರ್ನಾಲ್ಕು ಜಾಲಿ ಜಾತಿಯ ಮರಗಳು, ತಣ್ಣನೆಯ ನೆರಳು.

"ಇಲ್ಲೇ ಹಾಕೋಣು" ಎಂದರು ಗಂಡ, ಕಾಲಿನಿಂದ ಕಲ್ಲು ಸರಿಸುತ್ತ.

"ಇಲ್ಲೆ ಜೋಳಿಗಿ ನಿಮ್ಮ ಕುತ್ತಿಗಿಗೆ ಕಟ್ಟಲೇನು?"

"ಕೆಳಗ ಬ್ಯಾಡ. ಅದು ವಾದಿ ಐತಿ. ಎತ್ತರದಾಗ ಹಾಕ್ರಿ ಅಂತ ಅವ್ರು ಹೇಳ್ಯಾರ."

ವಾದಿ ಎಂದರೆ ಬೆಟ್ಟದಲ್ಲಿ ಮಳೆಯಾದಾಗ ಮಾತ್ರ ಹರಿಯುವ ಹಳ್ಳ. ನನಗೆ ಗೊತ್ತಿಲ್ಲದ್ದೇನಲ್ಲ. 'ಹಳ್ಳ ಬಂತು' ಎಂದು ಕೂಗಿದರೆ ದನ ಬಿಟ್ಟು ಓಡುವ ಊರಿನಲ್ಲಿ ಬೆಳೆದವಳು ನಾನು. ಆದರೆ ಆ ಹೊತ್ತಿಗೆ ನನ್ನ ಕಣ್ಣಿಗೆ ಹಳ್ಳ ಕಾಣಲಿಲ್ಲ, ಟೊಂಗೆ ಕಂಡಿತು. ತಲೆಯ ಮೇಲೆ ಆಕಾಶ ತೊಳೆದಿಟ್ಟಂತಿತ್ತು. ದೂರದ ಬೆಟ್ಟದ ನೆತ್ತಿಯಲ್ಲಿ ಮಾತ್ರ ಒಂದಿಷ್ಟು ಕಪ್ಪು.

"ಒಂದು ಹನಿ ಇಲ್ಲ, ಎಲ್ಲಿಂದ ಬರತೈತ್ರಿ ವಾದಿ? ಮೂರು ತಾಸಿನಿಂದ ಕೂಸು ಒದರಾಕತ್ತೈತಿ. ನೀವು ಇಲ್ಲೇ ಇರ್ರಿ, ನಾ ಹೋಗ್ತೀನಿ" ಎಂದು ಇಳಿಜಾರು ಇಳಿದೇಬಿಟ್ಟೆ. ನಮ್ಮ ಪುಟ್ಟ ಕಾರು ಆ ಮರಳಿನಲ್ಲಿ ಇಳಿಯುವಂಥದ್ದಲ್ಲ, ಮೇಲೆಯೇ ನಿಂತಿತು. ಗಂಡ ಟೆಂಟು, ಚಾಪೆ, ಐಸ್ ಬಾಕ್ಸು ಎಲ್ಲವನ್ನೂ ನಾಲ್ಕು ಸಲ ಹತ್ತಿ ಇಳಿದು ಹೊತ್ತು ತಂದರು.

ಸೀರೆಯನ್ನು ಹಗ್ಗಕ್ಕೆ ಗಂಟು ಹಾಕಿ, ಹಗ್ಗವನ್ನು ಎತ್ತರದ ಟೊಂಗೆಗೆ ಬಿಗಿದು, ಕೂಸನ್ನು ಮಲಗಿಸಿದೆ. ನನ್ನ ಸೊಂಟದ ಮಟ್ಟಕ್ಕೆ ಜೋಳಿಗೆ ತೂಗಾಡಿತು. ಹತ್ತು ನಿಮಿಷಕ್ಕೆ ಅಳು ಬಿಕ್ಕಾಯಿತು, ಬಿಕ್ಕು ಉಸಿರಾಯಿತು. ಆ ನಿಶ್ಶಬ್ದದಲ್ಲಿ ನನಗೆ ಗೆದ್ದ ಹಾಗಾಯಿತು. ಗಂಡನ ಕಡೆ ನೋಡಿದೆ, ಅವರು ಟೆಂಟಿನ ಮೊಳೆ ಹೊಡೆಯುತ್ತಿದ್ದರು. ಮಗಳು ಅಲ್ಲೇ ಬಣ್ಣದ ಕಲ್ಲು ಆರಿಸುತ್ತಿದ್ದಳು.

ಒಬ್ಬ ಮುದುಕ ಬಂದದ್ದು ಆಗ. ದಿಬ್ಬದ ಇಳಿಜಾರಿನಲ್ಲೇ ತುಸು ಆಚೆ ಆಡು ಮೇಯಿಸುತ್ತಿದ್ದವನು ನಮ್ಮನ್ನು ಕಂಡು ಇಳಿದು ಬಂದಿದ್ದ. ಬಿಳಿ ಗಡ್ಡ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಮಾಸಲು ನಿಲುವಂಗಿ, ಸೊಂಟದಲ್ಲಿ ಮೇವು ಕೊಯ್ಯುವ ಚಾಕು. ಹರಕು ಹಿಂದಿಯಲ್ಲಿ ಗಂಡನಿಗೆ ಹೇಳಿದ: "ಇದರ್ ನಹೀ. ಊಪರ್ ಬಾರಿಶ್. ವಾದಿ ಆತಾ. ಯಲ್ಲಾ, ಊಪರ್ ಜಾವ್." ಅಲ್ಲಿ ಮಳೆ, ಹಳ್ಳ ಬರುತ್ತದೆ, ಮೇಲೆ ಹೋಗಿ ಎಂದು ಬೆಟ್ಟದ ಆ ಕಪ್ಪನ್ನು ತೋರಿಸಿದ.

ಗಂಡ ಹೊಡೆದ ಮೊಳೆಯನ್ನೇ ಮತ್ತೆ ಕೀಳಲು ಕುಳಿತರು. "ಕೂಸಿನ ಎತ್ತು" ಎಂದರು.

"ಈಗರೆ ಕಣ್ಣು ಮುಚ್ಚೈತಿ. ಎಬ್ಬಿಸಿದ್ರ ರಾತ್ರಿತನಕಾ ಒದರತೈತಿ. ಅರ್ಧಾ ತಾಸು ತಡೀರಿ, ತಾನ ಏಳತೈತಿ."

"ಅಂವಾ ಇಲ್ಲೇ ಹುಟ್ಟಿ ಬೆಳದಾಂವ, ಸುಮ್ನ ಹೇಳ್ತಾನೇನು?"

"ಅರ್ಧಾ ತಾಸು ಅಂದ್ನೆಲ್ಲ. ಸಾಮಾನು ಮ್ಯಾಲೆ ಒಯ್ಯಾಕ ನಿಮಗ ಅಷ್ಟು ಹೊತ್ತು ಬೇಕ ಬೇಕು."

ನನ್ನ ಮಾತು ಮುದುಕನಿಗೆ ತಿಳಿಯಲಿಲ್ಲ, ನನ್ನ ಮುಖ ತಿಳಿಯಿತು. ಅವನು ಜೋಳಿಗೆಯನ್ನು ನೋಡಿದ, ನನ್ನನ್ನು ನೋಡಿದ, ಏನೋ ಗೊಣಗಿ ತನ್ನ ಆಡುಗಳನ್ನು ದಂಡೆಯ ಮೇಲಕ್ಕೆ ಅಟ್ಟಲು ಹೋದ. ಮಲಗಿದ ಮಗುವನ್ನು ಎಬ್ಬಿಸಬಾರದು ಎಂಬುದು ನನ್ನ ಅವ್ವನ ಮನೆಯ ಕಾನೂನು. ನೆಂಟರು ಬಂದು ಕಾಯುತ್ತ ಕೂತಿದ್ದರೂ ಅವ್ವ ಜೋಳಿಗೆ ಮುಟ್ಟಗೊಡುತ್ತಿರಲಿಲ್ಲ. ಆ ಕಾನೂನನ್ನು ಒಮಾನಿನ ಹಳ್ಳದಲ್ಲೂ ನಡೆಸಲು ಹೊರಟಿದ್ದೆ ನಾನು.

ಗಂಡ ಐಸ್ ಬಾಕ್ಸು ಹೊತ್ತು ಮಗಳ ಕೈಹಿಡಿದು ಮೇಲೆ ಹೋದರು. ನಾನು ಹಗ್ಗ ಹಿಡಿದು ಮೆಲ್ಲಗೆ ತೂಗುತ್ತಿದ್ದೆ. ಮೊದಲು ಬಂದದ್ದು ಸದ್ದು. ದೂರದಲ್ಲಿ ಹಿಟ್ಟಿನ ಗಿರಣಿ ಶುರುವಾದ ಹಾಗೆ. ರಸ್ತೆಯ ಮೇಲೆ ಲಾರಿ ಇರಬೇಕು ಅಂದುಕೊಂಡೆ. ಆ ಕಡೆ ರಸ್ತೆಯೇ ಇಲ್ಲ ಎಂಬುದು ಹೊಳೆಯಲಿಲ್ಲ.

ಮುದುಕ ಓಡಿ ಬಂದ. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಏನೂ ಕೇಳಲಿಲ್ಲ. ಒಂದು ತೋಳಿನಲ್ಲಿ ಕೂಸಿನ ಸಮೇತ ಜೋಳಿಗೆಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಚಾಕು ಎಳೆದು, ನನ್ನ ಅವ್ವನ ಸೀರೆಯನ್ನು ಗಂಟಿನ ಕೆಳಗೆ ಕೊಯ್ದ. ಅರಿವೆ ಪರ್ ಎಂದಿತು. ಚಾಕು ಕೂಸಿನ ತಲೆಯಿಂದ ಎರಡು ಗೇಣು ದೂರದಲ್ಲಿತ್ತು.

ನಾನು ಅವನ ಬೆನ್ನಿಗೆ ಗುದ್ದಿದೆ. ನಿಜ ಹೇಳುತ್ತೇನೆ, ಎರಡು ಕೈಯಿಂದಲೂ ಗುದ್ದಿದೆ. ಅವನು ತಿರುಗಿ ನೋಡದೆ ದಿಬ್ಬದ ಕಡೆ ಓಡಿದ. ನಾನು ಹಿಂದೆ ಓಡುತ್ತ ಗಂಟಲು ಹರಿಯುವಂತೆ ಒದರಿದೆ: "ಬಿಡೋ ನನ್ನ ಕೂಸಿನ! ನಿನ್ನ ಕೈ ಸೇದಹೋಗ್ಲಿ! ಎರಡೂ ಕೈ ಸೇದಹೋಗ್ಲಿ!"

ಇಳಿಜಾರಿನ ಅರ್ಧ ಹತ್ತಿರಬಹುದು. ಕಾಲ ಕೆಳಗಿನ ನೆಲ ನಡುಗಿತು. ತಿರುಗಿದರೆ ವಾದಿಯ ತಿರುವಿನಿಂದ ಕೆಂಪು ಮಣ್ಣಿನ ಗೋಡೆಯೊಂದು ನಡೆದು ಬರುತ್ತಿತ್ತು, ಮುಂದುಗಡೆ ಕಸಕಡ್ಡಿ, ನೊರೆ, ಬೇರುಸಮೇತ ಒಂದು ಗಿಡ. ನಮ್ಮ ಟೆಂಟು ಒಮ್ಮೆ ಉಬ್ಬಿ ಮಡಚಿಕೊಂಡಿತು. ಚಾಪೆ, ರೊಟ್ಟಿಯ ಡಬ್ಬಿ, ನನ್ನ ಚಪ್ಪಲಿ, ಯಾವುದೂ ಕಣ್ಣಿಗೆ ಬೀಳಲಿಲ್ಲ. ಮರದ ಬುಡ ಮುಳುಗಿತು, ಆಮೇಲೆ ನಡು, ಆಮೇಲೆ ಆ ಟೊಂಗೆ.

ದಿಬ್ಬದ ಮೇಲೆ ಮುದುಕ ಕುಕ್ಕರಗಾಲಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಕೂಸನ್ನು ನನ್ನ ಮಡಿಲಿಗೆ ಹಾಕಿದ. ಅಷ್ಟೆಲ್ಲ ನಡೆದರೂ ಅದು ಅತ್ತಿರಲಿಲ್ಲ, ಕಣ್ಣು ಪಿಳಿಪಿಳಿ ಬಿಡುತ್ತ ಅವನ ಗಡ್ಡ ನೋಡುತ್ತಿತ್ತು. ನನ್ನ ಎದೆಯಲ್ಲಿ ಹಾಲು ತಾನಾಗಿ ಸೋರಿ ಕುಪ್ಪಸ ತೊಯ್ದಿತು. ಗಂಡ ಮಗಳ ಕೈಹಿಡಿದು ಓಡಿ ಬಂದು ನನ್ನ ಪಕ್ಕ ಕೂತರು. 'ನಾನು ಹೇಳಿದ್ದೆನಲ್ಲ' ಎಂಬ ಮಾತನ್ನು ಅವರು ಅಂದೂ ಆಡಲಿಲ್ಲ, ಇಂದಿನವರೆಗೂ ಆಡಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

"ಖಲಾಸ್, ಖಲಾಸ್" ಎಂದ ಮುದುಕ, ಮುಗಿಯಿತು ಎಂಬಂತೆ ಕೈಯಾಡಿಸಿ.

ಬಂದ ದಾರಿಯೂ ಮುಂದೊಂದು ಕಡೆ ಅದೇ ವಾದಿಯನ್ನು ದಾಟುತ್ತಿತ್ತು. ಹೀಗಾಗಿ ವಾಪಸು ಹೋಗುವಂತಿರಲಿಲ್ಲ. ದಿಬ್ಬದ ಹಿಂದಿದ್ದ ಅವನ ಮನೆಗೆ ಕರೆದೊಯ್ದ. ಅವನ ಸೊಸೆಯಂದಿರು ಕಂಬಳಿ ಕೊಟ್ಟರು, ಮಗಳಿಗೆ ಬಿಸಿ ಹಾಲು ಕೊಟ್ಟರು. ಕೂಸು ನನ್ನ ತೊಡೆಯ ಮೇಲೆಯೇ ಮಲಗಿತು, ಜೋಳಿಗೆ ಇಲ್ಲದೆ, ಮೊದಲ ಸಲ. ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಅರಿವೆ ಹರಿದ ಸದ್ದು.

ಬೆಳಿಗ್ಗೆ ನೀರು ಇಳಿದಿತ್ತು. ಒಬ್ಬಳೇ ದಿಬ್ಬದ ಅಂಚಿಗೆ ಹೋಗಿ ನೋಡಿದೆ. ಮರ ನಿಂತಿತ್ತು. ಟೊಂಗೆಯಲ್ಲಿ ನನ್ನ ಹಗ್ಗ, ಹಗ್ಗಕ್ಕೆ ಕೆಂಪು ಸೆರಗಿನ ಒಂದು ಚೂರು ಇನ್ನೂ ನೇತಾಡುತ್ತಿದ್ದವು. ನೀರು ಹೊತ್ತು ತಂದ ಕಸ ಆ ಗಂಟಿಗಿಂತ ಒಂದು ಮೊಳ ಮೇಲಿನ ಟೊಂಗೆಗೂ ಸಿಕ್ಕಿಕೊಂಡಿತ್ತು. ಅರ್ಧಾ ತಾಸು ಎಂದು ಕೇಳಿದ್ದೆ ನಾನು. ಅಲ್ಲೇ ಕೂತು ಮನಸಾರೆ ಅತ್ತೆ.

ವಾಪಸು ಬಂದಾಗ ಅಂಗಳದಲ್ಲಿ ಎಲ್ಲರೂ ಕೂತಿದ್ದರು. ಮುದುಕ ಪುಟ್ಟ ಬಟ್ಟಲುಗಳಿಗೆ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಖಾವಾ, ಬಗ್ಗಿಸುತ್ತಿದ್ದ. ಮಗಳು ಎದುರಿಗೆ ಕೂತು, ಮುಂದಿಟ್ಟ ಖರ್ಜೂರ ಮುಟ್ಟದೆ, ಅವನ ಬಲಗೈಯನ್ನೇ ನೋಡುತ್ತಿದ್ದಳು. ರಾತ್ರಿ ಹಾಲು ಕುಡಿಯುವಾಗಲೂ ಅವಳು ಹೀಗೇ ನೋಡುತ್ತಿದ್ದಳು, ದಣಿದಿದ್ದಾಳೆ ಅಂದುಕೊಂಡಿದ್ದೆ. ನಾನು ಪಕ್ಕ ಕೂತೊಡನೆ ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದಳು:

"ಅಮ್ಮಾ, ವೆನ್ ವಿಲ್ ಇಟ್ ಡ್ರೈ? ಟುಡೇ?"

ಈ ಮಗು ರಾತ್ರಿಯಿಡೀ ಆ ಕೈ ಒಣಗುವುದನ್ನು ಕಾಯುತ್ತಿತ್ತು.

"ಇಲ್ಲವಾ, ಒಣಗೂದಿಲ್ಲ. ಅದು ಸಿಟ್ಟಿನ ಮಾತು."

"ಬಟ್ ಯೂ ಸೆಡ್ ಇಟ್." ಅವಳು ನನ್ನ ತೋಳು ಜಗ್ಗಿದಳು. "ಎರಡೂ ಕೈ ಅಂದಿ. ಟೇಕ್ ಇಟ್ ಬ್ಯಾಕ್."

ಬಚ್ಚೀ ಏನು ಹೇಳುತ್ತಾಳೆ ಎಂದು ಮುದುಕ ಗಂಡನನ್ನು ಕೇಳಿದ. ಗಂಡ ತಲೆ ತಗ್ಗಿಸಿ ಬಟ್ಟಲು ನೋಡಿದರು. ಹೇಳಬೇಕಾದವಳು ನಾನು. ಹಿಂದಿಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಬೈದದ್ದು ಯಾವ ಭಾಷೆಯಲ್ಲೋ ಅದರಲ್ಲೇ ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತು. ಕೈಮುಗಿದು, ಮಗಳಿಗೆ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದೆ:

"ಅಜ್ಜಾರ, ನಿಮ್ಮ ಎರಡೂ ಕೈ ನೂರು ವರ್ಷ ಗಟ್ಟಿಯಾಗಿರ್ಲಿ. ನಾ ಅಂದಿದ್ದು ಸುಳ್ಳಾಗ್ಲಿ, ನನ್ನ ಬಾಯಾಗ ಮಣ್ಣು ಬೀಳ್ಲಿ."

ನಾನು ಏನೋ ಪ್ರಾರ್ಥನೆ ಮಾಡಿದೆ ಎಂದುಕೊಂಡ ಮುದುಕ ಖಾವಾದ ಹೂಜಿ ಕೆಳಗಿಟ್ಟು ಎರಡೂ ಅಂಗೈ ಮೇಲೆತ್ತಿ "ಆಮೀನ್" ಎಂದ. ಮಗಳು ಎದ್ದು ಹೋಗಿ, ಮೇಲೆತ್ತಿದ ಆ ಅಂಗೈಗಳನ್ನು ಒಂದಾದ ಮೇಲೊಂದು ಬೆರಳಿನಿಂದ ಒತ್ತಿ ನೋಡಿದಳು. ಬೆಚ್ಚಗಿದ್ದವು ಅಂತ ಕಾಣುತ್ತದೆ. ವಾಪಸು ಬಂದು ನನ್ನ ಪಕ್ಕ ಕೂತು ಖರ್ಜೂರ ತಿನ್ನತೊಡಗಿದಳು.