ಮೂರು ಕೂ

ಇದನ್ನು ಬರೆಯಬೇಕೆಂದು ನಾಲ್ಕು ಸಲ ಕುಳಿತಿದ್ದೇನೆ, ನಾಲ್ಕು ಸಲವೂ ಎದ್ದು ಹೋಗಿದ್ದೇನೆ. ಒಮ್ಮೆ ಕನ್ನಡಕ ಸಿಗಲಿಲ್ಲ. ಇನ್ನೊಮ್ಮೆ ಕನ್ನಡಕ ಸಿಕ್ಕಿತು, ಪೆನ್ನಿನ ರೀಫಿಲ್ ಮುಗಿದಿತ್ತು. ಮೂರನೆಯ ಸಲ ಎರಡೂ ಸರಿಯಿದ್ದಾಗ ಗ್ಯಾಸಿನವನು ಬಂದ. ಅವನು ಸಿಲಿಂಡರ್ ಇಟ್ಟು ಹೋಗಿ ಅರ್ಧ ಗಂಟೆಯಾದರೂ ನಾನು ಗೇಟಿನ ಬಳಿಯೇ ನಿಂತಿದ್ದೆ. ನಾಲ್ಕನೆಯ ಸಲಕ್ಕೆ ನೆಪವೂ ಬೇಕಾಗಲಿಲ್ಲ, ಸುಮ್ಮನೆ ಎದ್ದೆ. ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ, ಆದರೆ ಬರೆಯಲು ಬಾರದೆ ಎದ್ದದ್ದಲ್ಲ. ಒಂಬತ್ತು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದ ಸುಳ್ಳನ್ನು ಕಾಗದದ ಮೇಲೆ ಬಿಡಿಸುವುದು ಹೇಗೆಂದು ತಿಳಿಯದೆ ಎದ್ದದ್ದು.

ಕಳೆದ ಭಾನುವಾರ ಕಾರ್ಕಳದ ಕ್ಷೌರದಂಗಡಿಯಲ್ಲಿ ಕುರ್ಚಿಗೆ ತಲೆಯಾನಿಸಿ ಕುಳಿತಿದ್ದೆ. ಮುಖಕ್ಕೆಲ್ಲ ನೊರೆ. ಕ್ಷೌರಿಕ ಒಂದು ಕೈಯಲ್ಲಿ ಕತ್ತಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮೊಬೈಲನ್ನು ನನ್ನ ಕಣ್ಣಿನ ಮುಂದೆ ತಂದ.

"ನೋಡಿ ಅಣ್ಣ, ನೀವು ಜೀಪು ಬಿಡ್ತಿದ್ದ ಕಾಡಿನ ಸಿಂಗಳೀಕ. ಯಾವುದೋ ಗ್ರೂಪಿನಲ್ಲಿ ಬಂದದ್ದು. ಎದೆಯಲ್ಲಿ ಮರಿ ಉಂಟು. ಈಗ ಕೇಳಿ, ಗಂಡು ಕೂಗ್ತದೆ. ಒಂದು... ಎರಡು... ಮೂರು! ಎಂತ ಗಂಟಲು ಮಾರಾಯ್ರೆ!"

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೂ ಬಗ್ಗಿ ನೋಡಿದರು. "ಮನುಷ್ಯರ ಹಾಗೇ ಉಂಟಲ್ವಾ ಸ್ವರ" ಎಂದರು ಒಬ್ಬರು. ಕತ್ತಿ ನನ್ನ ಗಂಟಲ ಮೇಲಿತ್ತು. "ಅಲುಗಾಡಬೇಡಿ ಅಣ್ಣ, ಎಂತ ಆಯ್ತು ನಿಮಗೆ?" ಎಂದು ಅವನು ಕತ್ತಿ ಎತ್ತಿಕೊಂಡ.

ಆ ವಿಡಿಯೋ ತೆಗೆಯುವಾಗ ನಾನು ಅಲ್ಲಿಯೇ ಇದ್ದೆ. ಆ ಮೂರು ಕೂಗುಗಳಲ್ಲಿ ಒಂದೂ ಸಿಂಗಳೀಕದ್ದಲ್ಲ. ಅದು ಮನುಷ್ಯನದ್ದೇ. ಪೆಟ್ಟಾಗಿ ಬಂಡೆಯ ಮೇಲೆ ಸಿಕ್ಕಿಬಿದ್ದಿದ್ದವನು ನನ್ನನ್ನು ಕರೆಯುತ್ತಿದ್ದ. ನನಗೆ ಅದು ಆಗಲೇ ಗೊತ್ತಿತ್ತು.

ನಾನು ಹೇಗೆ ಈ ಕಾಡಿನ ಕಸುಬಿಗೆ ಬಿದ್ದೆ ಎಂದು ನೀವು ಕೇಳಬಹುದು. ನನ್ನದು ಹಳೆಯ ಜೀಪು. ಮೊದಲು ಹೆಬ್ರಿಯಿಂದ ಒಳಗಿನ ಹಳ್ಳಿಗಳಿಗೆ ಜನ, ಅಕ್ಕಿ ಮುಡಿ, ಮದುವೆಯ ಪಾತ್ರೆ ಎಲ್ಲವನ್ನೂ ಸಾಗಿಸುತ್ತಿದ್ದೆ. ಬಸ್ಸು ಹೆಚ್ಚಾದ ಮೇಲೆ ಜೀಪು ಖಾಲಿಯಾಯಿತು. ಅದೇ ಹೊತ್ತಿಗೆ ಮಣಿಪಾಲದಿಂದ ಡಾಕ್ಟರುಗಳು, ಮೇಷ್ಟ್ರುಗಳು ಕುತ್ತಿಗೆಗೆ ಕ್ಯಾಮೆರಾ ತೂಗುಹಾಕಿಕೊಂಡು ಘಾಟಿಯ ಬುಡಕ್ಕೆ ಬರತೊಡಗಿದರು. ಅವರಿಗೆ ಬೇಕಾದದ್ದು ಸಿಂಗಳೀಕ. ಮೈಯೆಲ್ಲ ಕಪ್ಪು, ಮುಖದ ಸುತ್ತ ನರೆತ ಕೇಸರ, ಬಾಲದ ತುದಿಯಲ್ಲಿ ಕುಚ್ಚು. ನೆಲಕ್ಕೆ ಇಳಿಯುವುದೇ ಅಪರೂಪ. ನಾನೊಂದು ಹಸಿರು ಟೊಪ್ಪಿ ಕೊಂಡೆ, ನಾಲ್ಕು ಹಕ್ಕಿಗಳ ಇಂಗ್ಲಿಷ್ ಹೆಸರು ಬಾಯಿಪಾಠ ಮಾಡಿದೆ, ಗೈಡ್ ಆದೆ. ಐದನೆಯ ಹಕ್ಕಿ ಕಂಡರೆ ಬಾಯಿಗೆ ಬೆರಳಿಟ್ಟು "ಶ್" ಎನ್ನುತ್ತಿದ್ದೆ. ಆಗ ಅದರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ.

ನನಗೊಂದು ಗುಟ್ಟಿನ ಉಪಾಯವಿತ್ತು. ಘಾಟಿ ಬುಡದ ಎಸ್ಟೇಟೊಂದರ ಹಿಂದಿನ ಕಾಡಿನಂಚಿನಲ್ಲಿ ಒಂದು ದೊಡ್ಡ ಗೋಳಿ ಮರ, ಅಂದರೆ ಆಲ. ಬಂದವರನ್ನು ಅದರ ಬುಡದಲ್ಲಿ ಕೂರಿಸಿ, "ಇನ್ನರ್ಧ ಗಂಟೆಯಲ್ಲಿ ಇಲ್ಲಿಗೇ ಬರ್ತಾವೆ, ನನಗೆ ವಾಸನೆ ಗೊತ್ತಾಗ್ತದೆ" ಎನ್ನುತ್ತಿದ್ದೆ. ಬರುತ್ತಿದ್ದವು ಕೂಡ. ಯಾಕೆಂದರೆ ಅಷ್ಟರಲ್ಲಿ ನನ್ನ ಆಳು ಮೇಲಿನ ಗುಡ್ಡಕ್ಕೆ ಹೋಗಿ, ಕೋಲಿನಿಂದ ಮರಗಳ ಬುಡಕ್ಕೆ ಮೆಲ್ಲಗೆ ತಟ್ಟುತ್ತ ಹಿಂಡನ್ನು ಕೆಳಕ್ಕೆ ಸರಿಸುತ್ತಿದ್ದ. ಆಮೇಲೆ ಅವನು ಬೇರೆ ದಾರಿಯಲ್ಲಿ ಜೀಪಿಗೆ ಇಳಿದು, ಹೆಬ್ರಿಯ ಹೋಟೆಲಿನಿಂದ ಕಟ್ಟಿಸಿ ತಂದ ಬನ್ಸ್ ಬಿಚ್ಚಿಟ್ಟು, ಬೆಳಗಿನಿಂದ ಅಲ್ಲೇ ಕುಳಿತವನಂತೆ ಕಾಯುತ್ತಿದ್ದ. ಮಣಿಪಾಲದಲ್ಲಿ ನನಗೆ "ಕಾಡು ಬಲ್ಲವರು" ಎಂದು ಹೆಸರಾಯಿತು.

ಆ ಆಳನ್ನು ನಾವು ಬಿಜಾಪುರ ಎಂದು ಕರೆಯುತ್ತಿದ್ದೆವು. ಘಟ್ಟದ ಮೇಲಿನಿಂದ, ಉತ್ತರದ ಕಡೆಯಿಂದ ಕೆಲಸಕ್ಕೆ ಬಂದವರೆಲ್ಲ ನಮಗೆ ಬಿಜಾಪುರದವರೇ. ಮಣಿಪಾಲದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ಪ್ಲಾಸ್ಟರಿನಲ್ಲಿ ಕೈ ಒಳ್ಳೆಯದಂತೆ. ಕೆಲಸವಿಲ್ಲದ ದಿನ ನನ್ನ ಜೊತೆ ಬರುತ್ತಿದ್ದ. ಸಪೂರ ಆಳು, ದೊಡ್ಡ ನಗು.

"ಮಂಗ್ಯಾ ನೋಡಾಕ ಇಷ್ಟ ದೂರ ಬರ್ತಾರಲ್ರಿ ಅಣ್ಣಾರ ಈ ಮಂದಿ!" ಎನ್ನುತ್ತಿದ್ದ. "ನಮ್ಮ ಬಾದಾಮಿಗೆ ಬರಾಕ ಹೇಳ್ರಿ. ಅಲ್ಲಿ ಮಂಗ್ಯಾನ ಬಂದು ನಮ್ಮನ್ನ ನೋಡ್ತಾವ."

ಬಾದಾಮಿ ಎಂದು ಅವನೇ ಹೇಳಿದರೂ ನನಗೆ ಅವನು ಬಿಜಾಪುರವೇ ಆಗಿ ಉಳಿದ.

ಮೊದಲ ದಿನವೇ ಅವನಿಗೆ ಕೂ ಹಾಕಲು ಕಲಿಸಿದ್ದೆ. ನಮ್ಮ ಕಡೆ ಗುಡ್ಡದಲ್ಲಿ ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ, ಗಂಟಲು ಬಿಟ್ಟು ಉದ್ದಕ್ಕೆ ಒಂದು "ಕೂ". "ದಾರಿ ತಪ್ಪಿದರೆ ಒಂದು ಕೂ ಹಾಕು. ಪೆಟ್ಟಾದರೆ ಮೂರು. ನಾನು ಕೂಡಲೇ ಮರು ಕೂ ಹಾಕ್ತೇನೆ. ಅದು ಕೇಳಿದ ಮೇಲೆ ಕೂತಲ್ಲಿಂದ ಏಳಬೇಡ, ನಾನೇ ಬರ್ತೇನೆ" ಎಂದೆ.

ಅವನಿಗೆ ನಗು. "ನಮ್ಮ ಕಡೆ ಬಯಲರಿ. ಮನಷಾ ಎರಡ ಮೈಲಿ ದೂರ ಇದ್ರೂ ಕಾಣ್ತಾನ. ಕೂ ಯಾಕ ಬೇಕ್ರಿ?" ಆದರೂ ಕಲಿತ. ಹೆಬ್ರಿ ಪೇಟೆಯ ನಡುವೆ ನಿಂತು ಅಭ್ಯಾಸ ಮಾಡಿ ಎರಡು ನಾಯಿಗಳನ್ನು ಓಡಿಸಿದ.

ಮಳೆ ಬಿಟ್ಟು ಹದಿನೈದು ದಿನವಾಗಿತ್ತು. ಕಾಪುವಿನ ರಫೀಕ್ ದುಬೈಯಿಂದ ರಜೆಯಲ್ಲಿ ಬಂದಿದ್ದರು. ಫೋಟೋ ತೆಗೆಯುವ ಹುಚ್ಚು. ಹಿಂದಿನ ಎರಡು ರಜೆಗಳಲ್ಲಿ ಉಪಾಯ ಕೈಕೊಟ್ಟು ಅವರಿಗೆ ಸಿಂಗಳೀಕ ತೋರಿಸಲು ನನ್ನಿಂದಾಗಿರಲಿಲ್ಲ. ಈ ಸಲ ತಾಯಿಯನ್ನೂ ಕರೆತಂದಿದ್ದರು. ಎಲ್ಲರೂ ಉಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮಂಡಿ ನೋವಿದ್ದರೂ ಕೋಲೂರಿಕೊಂಡು ಗೋಳಿ ಮರದವರೆಗೆ ನಡೆದರು.

"ದುಬೈಯಿಂದ ಬಂದದ್ದು ಮಂಗನನ್ನು ನೋಡ್ಲಿಕ್ಕೆ, ನನ್ನನ್ನಲ್ಲ" ಎಂದರು ಉಮ್ಮ. "ಅದಕ್ಕೆ ನಾನೇ ಬಂದೆ, ಮಂಗನ ಹತ್ತಿರ ಕೂತರೆ ನಾನೂ ಒಂದು ಫೋಟೋದಲ್ಲಿ ಬರಬಹುದು ಅಂತ."

"ಇವತ್ತಾದರೂ ಉಂಟಾ ಅಣ್ಣ?" ಎಂದರು ರಫೀಕ್.

"ಇವತ್ತು ಕಾಣದಿದ್ದರೆ ಈ ಟೊಪ್ಪಿಯನ್ನು ಹೊಳೆಗೆ ಎಸೆದು ಮನೆಗೆ ಹೋಗ್ತೇನೆ" ಎಂದೆ. ತಮಾಷೆಯಂತೆ ಹೇಳಿದರೂ ನನ್ನ ಕಣ್ಣು ಮೇಲಿನ ಗುಡ್ಡದ ಕಡೆಗೇ ಇತ್ತು.

ಬಿಜಾಪುರ ಆಗಲೇ ಗುಡ್ಡ ಹತ್ತಿದ್ದ. ಹತ್ತುವ ಮೊದಲು, "ಬಂಡಿ ಮ್ಯಾಲೆ ಭಾಳ ಪಾಚಿ ಐತ್ರಿ ಅಣ್ಣಾರ. ಇವತ್ತ ಬ್ಯಾಡನ್ರಿ?" ಎಂದಿದ್ದ. ಬಂಡೆಯ ಮೇಲೆ ಪಾಚಿಯಿದೆ ಎಂದು ನನಗೂ ಗೊತ್ತಿತ್ತು. "ಹೋಗು ಮಾರಾಯ, ಹೆದರಿದರೆ ಹೇಗೆ" ಎಂದೆ.

ಮುಕ್ಕಾಲು ಗಂಟೆಯಾಯಿತು. ಕಾಲಿಗೆ ಇಂಬಳ ಹತ್ತಿ ರಕ್ತ ಹೀರತೊಡಗಿತು, ಕೀಳಲಿಲ್ಲ. ಆಮೇಲೆ ಮೇಲಿನ ಎಲೆಗಳು ಅಲುಗಿದವು. ಒಂದು, ಎರಡು, ಐದು, ಹನ್ನೊಂದು. ಕಪ್ಪು ಮೈಗಳು ಕೊಂಬೆಯಿಂದ ಕೊಂಬೆಗೆ ಇಳಿದು ಗೋಳಿ ಹಣ್ಣಿಗೆ ಕೈಯಿಟ್ಟವು. ಮರಿ ಅಪ್ಪಿಕೊಂಡ ತಾಯಿಯೊಂದು ಕೆಳಗಿನ ಕೊಂಬೆಗೇ ಬಂದು ನಮ್ಮ ಕಡೆ ಮುಖ ಮಾಡಿ ಕೂತಿತು. ರಫೀಕ್ ಉಸಿರು ಬಿಗಿಹಿಡಿದು ವಿಡಿಯೋ ಒತ್ತಿದರು.

ಆಗ ಮೇಲಿನಿಂದ ಬಂತು. ಕೂ.

ಸಿಂಗಳೀಕದ ಗಂಡು ಕೂಗುವುದೂ ಸುಮಾರು ಹಾಗೆಯೇ. ಹೊಸಬರು ಯಾರೇ ಆದರೂ ಮೋಸ ಹೋಗುತ್ತಾರೆ. ರಫೀಕ್ ಕಣ್ಣಲ್ಲೇ ನನ್ನನ್ನು ಕೇಳಿದರು, ಗಂಡಾ? ನಾನು ತಲೆಯಾಡಿಸಿದೆ. ಇನ್ನೊಂದು ಬಾರದಿರಲಿ ಎಂದು ಬೇಡಿಕೊಂಡೆ. ಒಂದೇ ಆದರೆ ದಾರಿ ತಪ್ಪಿದ್ದಷ್ಟೇ, ಇಳಿಜಾರು ಹಿಡಿದು ಹೇಗೂ ಬರುತ್ತಾನೆ.

ಎರಡನೆಯದು ಬಂತು.

ಉಮ್ಮ ತಲೆಯೆತ್ತಿದರು. "ಇದು ಜನದ ಸ್ವರ ಅಲ್ವಾ?" ಎಂದರು ಪಿಸುದನಿಯಲ್ಲಿ. "ನನ್ನ ತವರು ಹೂಡೆ. ಹೊಳೆಯ ಆಚೆಯಿಂದ ದೋಣಿಗೆ ಹೀಗೇ ಕೂ ಹಾಕ್ತಿದ್ದರು."

ನಾನು ನಕ್ಕೆ. ಸದ್ದಿಲ್ಲದೆ, ತಿಳಿದವನ ನಗು. "ಗಂಡು ಸಿಂಗಳೀಕ ಉಮ್ಮ. ಎಲ್ಲರೂ ಹಾಗೇ ತಿಳಿಯುವುದು."

ಮೂರನೆಯದು ಉದ್ದಕ್ಕೆ ಬಂತು, ಕೊನೆಯಲ್ಲಿ ಸ್ವಲ್ಪ ಒಡೆಯಿತು. ಉಮ್ಮ ಮರದ ಕಡೆ ನೋಡಲೇ ಇಲ್ಲ, ನನ್ನ ಮುಖ ನೋಡಿದರು. ಬಾಯಿ ತೆರೆದರು. ನಾನು ಬೆರಳನ್ನು ತುಟಿಗಿಟ್ಟು "ಶ್" ಎಂದೆ.

ಒಂದು ಮರು ಕೂ ಹಾಕಿದ್ದರೆ ಹಿಂಡು ಆ ಕ್ಷಣವೇ ಚದುರುತ್ತಿತ್ತು. ಮೇಲೆ ಆಳನ್ನಿಟ್ಟು ಮಂಗಗಳನ್ನು ಅಟ್ಟಿಸುವ ನನ್ನ ವಿದ್ಯೆ ಬಯಲಾಗುತ್ತಿತ್ತು. ಈ ಎರಡು ಬಿಟ್ಟರೆ ಬೇರೆ ಕಾರಣವಿಲ್ಲ. ಹುಡುಕಿದ್ದೇನೆ, ಸಿಕ್ಕಿಲ್ಲ. ಐದು ನಿಮಿಷ, ಐದೇ ನಿಮಿಷ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಮೇಲೆ ಕಲ್ಲುಗಳು ಉರುಳಿದ ಸದ್ದಾಯಿತು. ಹನ್ನೊಂದು ಸಿಂಗಳೀಕಗಳೂ ಕತ್ತೆತ್ತಿ ಆ ಕಡೆ ನೋಡಿದವು. ನಾನು ನೋಡಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅವು ಮತ್ತೆ ತಿನ್ನತೊಡಗಿದವು. ರಫೀಕ್ ಕ್ಯಾಮೆರಾ ಇಳಿಸುವವರೆಗೆ ಇಪ್ಪತ್ತು ನಿಮಿಷವಾದರೂ ಆಗಿರಬೇಕು. ಅಷ್ಟು ಹೊತ್ತೂ ನಾನು ಕದಲಲಿಲ್ಲ.

"ತಿಂಡಿ ತಯಾರು ಮಾಡಿಸ್ತೇನೆ" ಎಂದು ಜೀಪಿಗೆ ಓಡಿದೆ. ಬನ್ಸಿನ ಕಟ್ಟು ಬಿಚ್ಚಿರಲಿಲ್ಲ. ಗುಡ್ಡಕ್ಕೆ ಓಡಿದೆ. ಕೂ ಹಾಕಿದೆ, ಗಂಟಲು ಹರಿಯುವಷ್ಟು ಹಾಕಿದೆ. ಉತ್ತರವಿಲ್ಲ. ಮತ್ತೆ ಹಾಕಿದೆ. ಕೆಳಗಿನ ತೊರೆಯಿಂದ ಕಲ್ಲಿಗೆ ಕೋಲು ಬಡಿಯುವ ಸದ್ದು ಕೇಳಿತು, ಟಕ್, ಟಕ್.

ಅಲ್ಲಿ ಬಿದ್ದಿದ್ದವನ ಮೊಣಕಾಲು ನೋಡುವ ಹಾಗಿರಲಿಲ್ಲ. ಮೊದಲು ಪಾದವೊಂದೇ ಉಳುಕಿ ಬಂಡೆಯ ಸಂದಿಯಲ್ಲಿ ಸಿಕ್ಕಿತ್ತಂತೆ. "ನೀವು ಮರು ಕೂ ಅನ್ನಲಿಲ್ರಿ" ಎಂದ. ದೂರಾಗಿ ಹೇಳಲಿಲ್ಲ, ನಡೆದದ್ದನ್ನು ಹೇಳಿದ. "ದೂರ ಹೋಗಿರಬೇಕು ಅಂದ್ಕೊಂಡೆ. ಕಾಲ ಕಿತ್ಗೊಂಡು ನಾನ ಇಳಿಯಾಕ ಹೋದೆ. ಜಾರಿತ್ರಿ."

ರಫೀಕರನ್ನು ಕೂಗಿ ಕರೆದು ಇಬ್ಬರೂ ಹೊತ್ತು ತಂದೆವು. ಉಮ್ಮ ತಲೆಯ ದುಪ್ಪಟ್ಟವನ್ನೇ ಕೊಟ್ಟರು ಕಟ್ಟಲು. ಜೀಪಿನಲ್ಲಿ ರಫೀಕ್ ಕೇಳಿದರು, "ಇವನು ಅಲ್ಲಿ ಎಂತ ಮಾಡ್ತಿದ್ದ?"

"ಯಾರಿಗೆ ಗೊತ್ತು? ಜೇನಿಗೋ ಏನಕ್ಕೋ ಹೋಗಿರಬೇಕು. ಹೇಳಿದ ಮಾತು ಕೇಳುವ ಜನವಾ ಇವರು!" ಎಂದೆ. "ಅವನ ಕೂಗನ್ನು ನಾನು ಸಿಂಗಳೀಕ ಅಂತಲೇ ತಿಳಿದದ್ದು, ದೇವರಾಣೆ."

ಅವನು ಹಿಂದಿನ ಸೀಟಿನಲ್ಲಿ ಮಲಗಿ ಎಲ್ಲವನ್ನೂ ಕೇಳುತ್ತಿದ್ದ. ಕನ್ನಡಿಯಲ್ಲಿ ಅವನ ಕಣ್ಣು ಕಂಡಿತು. ಈಗ ಹೇಳುತ್ತಾನೆ ಎಂದು ಕಾದೆ.

"ಹೌದ್ರಿ" ಎಂದ. "ನಂದ ತಪ್ಪ."

ಉಮ್ಮ ಹೊರಗೆ ನೋಡುತ್ತ ಕುಳಿತಿದ್ದರು. ಮಣಿಪಾಲದಲ್ಲಿ ಇಳಿಯುವಾಗ ಅವನ ಹಣೆಯ ಮೇಲೆ ಕೈಯಿಟ್ಟರು, ನನ್ನನ್ನು ದಾಟಿ ನಡೆದರು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು ಹೆಸರು ಕೇಳಿದಳು. ಎರಡು ವರ್ಷ ನನ್ನ ಜೊತೆ ದುಡಿದವನು. ನನ್ನ ಬಾಯಿಗೆ ಬಂದದ್ದು ಬಿಜಾಪುರ ಎಂದಷ್ಟೇ. ಅವಳು "ಊರಲ್ಲ, ಹೆಸರು" ಎಂದಳು. ಅವನೇ ಕಣ್ಣು ಮುಚ್ಚಿಕೊಂಡು ಹೆಸರು, ತಂದೆಯ ಹೆಸರು, ಊರು ಎಲ್ಲ ಹೇಳಿದ.

ವಾರ್ಡಿಗೆ ಎರಡು ಸಲ ಹೋದೆ, ಮೂಸಂಬಿ ಹಿಡಿದುಕೊಂಡು. ಎರಡನೆಯ ಸಲ ಊರಿನಿಂದ ಅವನ ಹೆಂಡತಿ ಬಂದಿದ್ದಳು. ಅವನು ಅವಳಿಗೆ ನನ್ನನ್ನು ತೋರಿಸಿ, "ಇವರನ ನೋಡು, ನನ್ನ ಹೊತಗೊಂಡ ಬಂದವರು" ಎಂದ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಮೂರನೆಯ ಸಲ ನಾನು ಹೋಗಲಿಲ್ಲ. ಕಾಲು ಉಳಿಯಿತು, ಆದರೆ ಮಡಚಲಾಗದು, ಗಾರೆಯ ಅಟ್ಟಣಿಗೆ ಹತ್ತುವುದು ಇನ್ನಿಲ್ಲ, ಊರಿಗೆ ಹೋದನಂತೆ ಎಂದು ಯಾರೋ ಹೇಳಿದರು. ಜನ ನನಗೇ ಸಮಾಧಾನ ಹೇಳಿದರು. "ಮಂಗನ ಸ್ವರ ಹಾಗೇ ಇರ್ತದೆ, ನೀವೆಂತ ಮಾಡ್ಲಿಕ್ಕಾಗ್ತದೆ" ಎಂದರು. ಆ ಸಮಾಧಾನವನ್ನು ಒಂಬತ್ತು ವರ್ಷ ತೆಗೆದುಕೊಂಡೆ. ಜೀಪು ಮಾರಿದ್ದು ಬೆನ್ನು ನೋವಿನಿಂದ ಎಂದು ಹೇಳಿದೆ, ಅದನ್ನೂ ನಂಬಿದರು.

ಕ್ಷೌರದಂಗಡಿಯಿಂದ ಅರ್ಧ ಮುಖದ ನೊರೆ ಒರೆಸಿಕೊಂಡು ಎದ್ದು ಬಂದವನು, ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಮಣಿಪಾಲಕ್ಕೆ ಹೋದೆ. ಕೂಲಿಗೆ ಕರೆಯುವವರನ್ನು ಕಾಯುತ್ತ ಉತ್ತರದ ಕಡೆಯ ಗಂಡಸರು ಹೆಂಗಸರು ಬುತ್ತಿಚೀಲ ಹಿಡಿದು ನಿಲ್ಲುವ ಜಾಗವೊಂದಿದೆ. ಕೆಲಸ ಕೊಡುವವನೆಂದು ನಾಲ್ಕು ಜನ ನನ್ನನ್ನು ಸುತ್ತಿಕೊಂಡರು.

"ಎಷ್ಟ ಮಂದಿ ಬೇಕ್ರಿ?"

"ಕೆಲಸಕ್ಕಲ್ಲ" ಎಂದೆ. "ಬಾದಾಮಿ ಕಡೆಯವರು ಯಾರಾದರೂ ಇದ್ದೀರಾ? ಫಕೀರಪ್ಪ ಅಂತ, ಗಾರೆ ಕೆಲಸದವರು."

ಒಂಬತ್ತು ವರ್ಷಗಳಲ್ಲಿ ಆ ಹೆಸರು ನನ್ನ ಬಾಯಿಂದ ಹೊರಬಂದದ್ದು ಅದೇ ಮೊದಲು. ಮುಂಡಾಸಿನವನೊಬ್ಬ ಯೋಚಿಸಿದ. "ಯಾವ ಫಕೀರಪ್ಪರಿ? ನಮ್ಮ ಊರಾಗ ಮೂರ ಮಂದಿ ಅದಾರ." ಪಕ್ಕದವಳು ಅವನ ತೋಳು ಜಗ್ಗಿದಳು. "ಕುಂಟ ಫಕೀರಪ್ಪನ್ನ ಕೇಳಾಕ ಹತ್ಯಾರೇನೋ."

"ಹಾಂ, ಕುಂಟ ಫಕೀರಪ್ಪ!" ಎಂದ ಅವನು, ಗುರುತು ಸಿಕ್ಕ ಸಂತೋಷದಲ್ಲಿ. "ಅದಾನ್ರಿ, ಊರಾಗ ಅದಾನ. ನಾ ಬರೂ ವಾರ ಹೊಂಟೇನಿ. ಏನರ ಹೇಳೂದೈತೇನ್ರಿ?"

ಹೇಳಲು ಉಂಟು, ಆದರೆ ಇನ್ನೊಬ್ಬರ ಬಾಯಲ್ಲಿ ಕಳಿಸುವ ಮಾತಲ್ಲ ಎಂದೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾರ ಮನೆಯ ಹಿಂದೆ ಎಂದೆಲ್ಲ ಬರೆದುಕೊಂಡೆ. ಬರುವ ವಾರ ಅವನ ಜೊತೆಯಲ್ಲೇ ಹೊರಡುತ್ತೇನೆ. ಫಕೀರಪ್ಪ ಏನು ಹೇಳುತ್ತಾರೋ ಗೊತ್ತಿಲ್ಲ. ಏನೂ ಹೇಳದೆ ಬಾಗಿಲು ಹಾಕಿಕೊಂಡರೂ ಸರಿಯೇ. ಹೋಗುವ ಮೊದಲು ಇಷ್ಟನ್ನು ನಿಮ್ಮ ಮುಂದೆ ಬರೆದಿಟ್ಟಿದ್ದೇನೆ, ದಾರಿಯಲ್ಲಿ ಎಲ್ಲಿಯೂ ಇಳಿದು ತಿರುಗಿ ಬರಬಾರದೆಂದು. ಕುಂಟ ಎಂಬುದು ನಾನು ಸೇರಿಸಿದ ಮಾತು. ಅವರ ಹೆಸರು ಬರೀ ಫಕೀರಪ್ಪ.