ಕರೆಂಟ್ ತೆಗೆದ ನೀರು

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಮಾತೂ ಅಷ್ಟಕ್ಕಷ್ಟೆ, ಕ್ಷಮಿಸಿ.

ನನ್ನ ಅತ್ತೆ ಕಾಲುವೆಯ ಮೇಲಿನ ಚಿಕ್ಕ ವಿದ್ಯುತ್ ಕೇಂದ್ರದಲ್ಲಿದ್ದಾರೆ. ನೀರು ಚಕ್ರಕ್ಕೆ ಬೀಳುವ ಮೊದಲು ಜಾಲರಿಗೆ ಸಿಕ್ಕ ಎಲೆ, ಕಡ್ಡಿಗಳನ್ನು ಕೊಕ್ಕೆಕೋಲಿನಿಂದ ಎಳೆದುಹಾಕುವುದು ಅವರ ಕೆಲಸ. ಜಾಲರಿ ಕಟ್ಟಿಕೊಂಡರೆ ಚಕ್ರದ ವೇಗ ಕುಗ್ಗಿ ಬೀದಿದೀಪಗಳು ಮಂಕಾಗುತ್ತವೆ.

ಇವತ್ತು ಕೆಳಗಿನ ತೋಟದ ತಾತ ಬಂದು ಕೂಗಾಡಿದರು. "ಸತ್ವವನ್ನೆಲ್ಲ ಕರೆಂಟ್ ಮಾಡ್ಕೊಂಡು ನಮಗೆ ಹಿಂಡಿದ ಸಿಪ್ಪೆ ಕಳಿಸ್ತೀರಾ? ಈ ನೀರನ್ನ ಬದನೆ ಸಸಿಗೆ ಹಾಕಲ್ಲ!"

ಅತ್ತೆ ನಕ್ಕರು. "ನಾವು ತಗೊಳ್ಳೋದು ನೀರಿನ ಓಟ ಮಾತ್ರ ತಾತ. ನೀರು ಪೂರ್ತಿ ನಿಮ್ದೇ."

"ಮಾತಲ್ಲೇ ಮಂಟಪ ಕಟ್ಟಬೇಡಮ್ಮ, ತೋರಿಸು."

ತಾತನ ಸಸಿಗಳು ನೀರಿಲ್ಲದೆ ಆಗಲೇ ಬಾಡುತ್ತಿದ್ದವು. ಅತ್ತೆ ಅವುಗಳಲ್ಲಿ ಎರಡನ್ನು ತಂದು ಕುಂಡಗಳಲ್ಲಿ ನೆಟ್ಟಿದ್ದಾರೆ. ನಾಳೆಯಿಂದ ಒಂದಕ್ಕೆ ಚಕ್ರ ಮುಟ್ಟುವ ಮೊದಲಿನ ನೀರನ್ನು, ಇನ್ನೊಂದಕ್ಕೆ ಚಕ್ರ ದಾಟಿದ ನೀರನ್ನು ನಾನೇ ಹಾಕುತ್ತೇನೆ.